ಮಲೆನಾಡಿನ ಬೆಳಕಿಗೆ ಯಾವ ಪ್ಲಗಿನ್? ದುಡ್ಡು ಹಾಕುವ ಮುನ್ನ ತೂಗಿ ನೋಡಿ

ಮಳೆ ಹಿಡಿದ ಮೇಲೆ ಪ್ಲಗಿನ್‌ಗಳ ಬಗ್ಗೆ, ಅಂದರೆ ಲೈಟ್‌ರೂಮ್, ಫೋಟೊಶಾಪ್‌ನಂತಹ ಫೋಟೊ ತಿದ್ದುವ ತಂತ್ರಾಂಶಗಳಿಗೆ ಸೇರಿಸಿಕೊಳ್ಳುವ ಸಲಕರಣೆಗಳ ಬಗ್ಗೆ, ನನಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಸಾಗರದ ಕಡೆಯ ಸ್ಟುಡಿಯೊದವರು ಕೇಳುವುದು: "ಚಪ್ಪರದೊಳಗೆ ತೆಗೆದ ಮದುವೆ ಫೋಟೊಗಳು ಕಾಳುಕಾಳಾಗಿ ಬಂದಿವೆ. ಟೋಪಾಜ್ ಕೊಳ್ಳಲೋ, ಲೈಟ್‌ರೂಮ್‌ನಲ್ಲಿ ಇರುವುದೇ ಸಾಕೋ?" ಮಂಡಗದ್ದೆಗೆ ಹಕ್ಕಿ ತೆಗೆಯಲು ಹೋಗುವ ಹವ್ಯಾಸಿಗಳಿಗೆ ಟೋಪಾಜ್‌ನಂತೆಯೇ ಕಾಳು ತೆಗೆಯುವ ಪ್ಯೂರ್‌ರಾ ಮೇಲೆ ಕಣ್ಣು. ತೀರ್ಥಹಳ್ಳಿಯ ಆಸುಪಾಸಿನಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ತೋಟ, ಹೊಳೆ, ಮನೆ ಮೂರೂ ಕಣ್ಣಿಗೆ ಕಟ್ಟುವಂತಿರುವ ಚಿತ್ರ ಬೇಕು, ಅದೂ ಇಂದು ಸಂಜೆಯೊಳಗೆ.

ಹೆಸರು ಕೇಳಿದವರಿಗೆ ಒಂದು ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಒಬ್ಬರಿಗೆ ವರವಾದ ಪ್ಲಗಿನ್ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಕೂಗಿಸುವುದಕ್ಕಷ್ಟೇ ಉಪಯೋಗ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯ ಹೆಚ್ಚಿನ ಫೋಟೊಗ್ರಾಫರುಗಳಿಗೆ ಒಂದಕ್ಕಿಂತ ಹೆಚ್ಚು ಪ್ಲಗಿನ್ ಬೇಕಿಲ್ಲ, ಕೆಲವರಿಗೆ ಒಂದೂ ಬೇಕಿಲ್ಲ. ಆ ಒಂದು ಯಾವುದೆಂದು ಯೂಟ್ಯೂಬಿನ ಡೆಮೊ ನೋಡಿ ತೀರ್ಮಾನಿಸಬೇಡಿ. ಎಲ್ಲ ತಿದ್ದುಪಡಿ ಮುಗಿದ ಮೇಲೂ ನಿಮ್ಮ ಫೋಟೊದಲ್ಲಿ ಉಳಿಯುವ ತೊಂದರೆ ಯಾವುದು, ಮೇಜಿನ ಮೇಲಿರುವ ಯಂತ್ರ ಎಂಥದು ಎಂಬ ಎರಡು ಪ್ರಶ್ನೆಗಳಿಂದ ಶುರುಮಾಡಿ.

ಅಳೆಯುವುದು ಹೇಗೆ

ಮಲೆನಾಡಿನ ಬೆಳಕಿನಲ್ಲಿ ಮೂರು ತಂಟೆಗಳಿವೆ. ಮೊದಲನೆಯದು ಕತ್ತಲೆ. ಆಗುಂಬೆಯ ಮರಗಳ ಕೆಳಗೆ ಜುಲೈ ತಿಂಗಳ ನಡುಮಧ್ಯಾಹ್ನವೂ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಕಪ್ಪೆಯ ಫೋಟೊ ತೆಗೆಯಬೇಕೆಂದರೆ ಐಎಸ್‌ಒ (ಬೆಳಕಿನ ಸಂವೇದನೆ) 6400ಕ್ಕೆ ಏರಿಸಬೇಕಾಗುತ್ತದೆ; ಏರಿಸಿದಷ್ಟೂ ನಾಯ್ಸ್, ಅಂದರೆ ಕಾಳು, ಹೆಚ್ಚು. ಎರಡನೆಯದು ಹಸಿರು. ಅಡಿಕೆ ತೋಟದಲ್ಲಿ ನಿಲ್ಲಿಸಿದ ಮದುಮಗಳ ಕೆನ್ನೆಗೂ ಎಲೆಯ ಬಣ್ಣ ಹತ್ತುತ್ತದೆ, ಮದುಮಗನ ಬಿಳಿ ಪಂಚೆ ತಿಳಿಹಸಿರಾಗುತ್ತದೆ. ಮೂರನೆಯದು ಮಂಜು. ಲೈಟ್‌ರೂಮ್‌ನಲ್ಲಿ 2015ರಿಂದಲೇ ಡಿಹೇಜ್ ಇದೆ; ಅದನ್ನು ಎಳೆದರೆ ಮಂಜು ಸರಿಯುತ್ತದೆ, ಜೊತೆಗೆ ನಾಯ್ಸ್ ಮೇಲೇಳುತ್ತದೆ, ಹಸಿರು ಕಣ್ಣು ಕುಕ್ಕುತ್ತದೆ. ಮಳೆಗಾಲದಲ್ಲಿ 1,343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಿ, ಮನೆಗೆ ಬಂದು ಮಂಜನ್ನೇ ಒರೆಸಿಹಾಕುವವರು ಬೇಸಿಗೆಯಲ್ಲೇ ಹೋಗಬಹುದಿತ್ತಲ್ಲ ಎಂದು ನನಗೆ ಅನ್ನಿಸುತ್ತದೆ. ಇರಲಿ.

ಇನ್ನು ಪ್ಲಗಿನ್ ಎಲ್ಲಿ ಕೈ ಹಾಕುತ್ತದೆ ಎಂಬುದು. ಜಾಹೀರಾತುಗಳು ಇದನ್ನು ಹೇಳುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಕೆಲವು ಸಲಕರಣೆಗಳು ಕ್ಯಾಮೆರಾದ ರಾ ಫೈಲನ್ನೇ, ಅಂದರೆ ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಹಾಗೆಯೇ ಬರೆದಿಟ್ಟ ಫೈಲನ್ನೇ, ಓದಿ ಕೆಲಸ ಮಾಡುತ್ತವೆ. ಉಳಿದವು ರಾ ಫೈಲು ಬಣ್ಣದ ಚಿತ್ರವಾದ ಮೇಲೆ ಅದರ ಮೇಲೆ ಕೆಲಸ ಮಾಡುತ್ತವೆ. ಈ ಎರಡನೆಯ ಬಗೆಯ ಪ್ಲಗಿನ್‌ಗೆ ಲೈಟ್‌ರೂಮ್ ನಿಮ್ಮ ರಾ ಫೈಲನ್ನು ಕೊಡುವುದಿಲ್ಲ. ಅಲ್ಲಿಯವರೆಗಿನ ತಿದ್ದುಪಡಿಗಳನ್ನೆಲ್ಲ ಸೇರಿಸಿ ಒಂದು ಟಿಫ್ ಪ್ರತಿ ಮಾಡಿ ಕೊಡುತ್ತದೆ. ಆ ಪ್ರತಿಯಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಮಾಡುವ ಬಣ್ಣದ ಹೊಂದಾಣಿಕೆ) ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಆಮೇಲೆ "ಸೀರೆಯ ಬಣ್ಣ ಸ್ವಲ್ಪ ಕೆಂಪಾಯಿತು" ಎಂದು ಗಿರಾಕಿ ಹೇಳಿದರೆ ಮೊದಲಿನಿಂದ ಶುರುಮಾಡಬೇಕು.

ಟಿಫ್‌ನ ತೂಕವೂ ಕಡಿಮೆಯಲ್ಲ. 24 ಮೆಗಾಪಿಕ್ಸೆಲ್ ಫೋಟೊ, ಪ್ರತಿ ಪಿಕ್ಸೆಲ್‌ಗೆ ಮೂರು ಬಣ್ಣ, ಬಣ್ಣವೊಂದಕ್ಕೆ 16 ಬಿಟ್: ಒಟ್ಟು 144 ಎಂಬಿ. ಅದೇ ಫೋಟೊದ ರಾ ಫೈಲು ಸುಮಾರು 30 ಎಂಬಿ. ಒಂದು ಮದುವೆಯಲ್ಲಿ ಆರಿಸಿದ 400 ಫೋಟೊಗಳನ್ನೂ ಪ್ಲಗಿನ್‌ಗೆ ಕಳಿಸಿದರೆ 57 ಜಿಬಿ ಮೀರುತ್ತದೆ. ಸೀಸನ್‌ನಲ್ಲಿ ವಾರಕ್ಕೆರಡು ಮದುವೆ ಮಾಡುವ ಸ್ಟುಡಿಯೊದ ಹಾರ್ಡ್ ಡಿಸ್ಕ್ ಎಷ್ಟು ದಿನ ಬಾಳುತ್ತದೆ ಎಂದು ನೀವೇ ಲೆಕ್ಕ ಹಾಕಿ. 45 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವವರ ಟಿಫ್ ಒಂದೊಂದೂ 270 ಎಂಬಿ.

ಯಂತ್ರದ ಮಾತು. ಈಗಿನ ಎಐ ನಾಯ್ಸ್ ಸಲಕರಣೆಗಳೆಲ್ಲ ದುಡಿಸುವುದು ಗ್ರಾಫಿಕ್ಸ್ ಕಾರ್ಡನ್ನು, ಪ್ರೊಸೆಸರನ್ನಲ್ಲ. ಒಳ್ಳೆಯ ಕಾರ್ಡ್ ಇದ್ದರೆ ಒಂದು ಫೋಟೊಗೆ ಕೆಲವು ಸೆಕೆಂಡುಗಳು ಸಾಕು. ಕಾರ್ಡ್ ಇಲ್ಲದ ಸಾದಾ ಲ್ಯಾಪ್‌ಟಾಪ್‌ನಲ್ಲಿ ನಿಮಿಷಗಳೇ ಬೇಕು. ಫೋಟೊಗೆ 15 ಸೆಕೆಂಡು ಎಂದಿಟ್ಟುಕೊಂಡರೆ 300 ಫೋಟೊ ಒಂದೂಕಾಲು ಗಂಟೆಯ ಕೆಲಸ. ಐದು ನಿಮಿಷ ಎಂದರೆ 25 ಗಂಟೆ. ಜಡಿಮಳೆಯ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟು 25 ಗಂಟೆ ಒಂದೇ ಸಮನೆ ಇದ್ದದ್ದನ್ನು ಯಾರು ಕಂಡಿದ್ದಾರೆ? ಇನ್ವರ್ಟರ್ ಮೇಲೆ ಗ್ರಾಫಿಕ್ಸ್ ಕಾರ್ಡ್ ಓಡಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಅಂತರ್ಜಾಲವೂ ಲೆಕ್ಕಕ್ಕೆ ಬರುತ್ತದೆ. ಲೈಟ್‌ರೂಮ್‌ನ ಡಿನಾಯ್ಸ್ (ನಾಯ್ಸ್ ತೆಗೆಯುವ ಸಲಕರಣೆ) ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ನೆಟ್ ಬೇಡ. ಬೇಡದ ವಸ್ತುವನ್ನು ಅಳಿಸುವ ಅದರ ಜನರೇಟಿವ್ ರಿಮೂವ್ ಮಾತ್ರ ಅಡೋಬಿಯ ಸರ್ವರ್‌ನಲ್ಲಿ ನಡೆಯುತ್ತದೆ. ಹೊಸನಗರದಾಚೆ, ಹಿನ್ನೀರಿನ ಬದಿಯ ಮನೆಯಲ್ಲಿ ಕೂತು ಚಪ್ಪರದ ಮೂಲೆಯ ಪ್ಲಾಸ್ಟಿಕ್ ಕುರ್ಚಿಯನ್ನು ಅಳಿಸಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ. ಅಲ್ಲಿ ಹಳೆಯ ಕಂಟೆಂಟ್-ಅವೇರ್ ಅಳಿಸುವಿಕೆಯೇ ಗತಿ, ಅದಕ್ಕೆ ನೆಟ್ ಬೇಡ. ವಾರ್ಷಿಕ ಚಂದಾ ಕಟ್ಟಿದವರ ಅಡೋಬಿ ತಂತ್ರಾಂಶ ನೆಟ್ ಕಾಣದೆ 99 ದಿನ ನಡೆಯುತ್ತದೆ, ಹಾಗಾಗಿ ಆ ಬಗ್ಗೆ ಹೆದರಬೇಕಿಲ್ಲ.

ಕೊನೆಗೆ, ಫೋಟೊ ಹೋಗುವುದೆಲ್ಲಿಗೆ? ಆಲ್ಬಮ್‌ಗೋ, ಸ್ಪರ್ಧೆಗೋ, ವಾಟ್ಸಾಪ್‌ಗೋ? ವಾಟ್ಸಾಪ್‌ಗಾದರೆ ಚಿತ್ರ ಸಣ್ಣದಾಗುವಾಗಲೇ ಅರ್ಧ ನಾಯ್ಸ್ ಮಾಯವಾಗಿರುತ್ತದೆ. ಅದಕ್ಕೆಂದು ಸಾವಿರಾರು ರೂಪಾಯಿ ಸುರಿಯುವುದು ವ್ಯರ್ಥ.

ನಾಯ್ಸ್ ತೆಗೆಯುವ ಮೂವರು

ಈ ಪೈಪೋಟಿಯಲ್ಲಿ ನಿಜವಾಗಿ ಲೆಕ್ಕಕ್ಕಿರುವವರು ಅಡೋಬಿ, ಡಿಎಕ್ಸ್‌ಒ ಪ್ಯೂರ್‌ರಾ ಮತ್ತು ಟೋಪಾಜ್. ಇವನ್ನು ಒರೆಗೆ ಹಚ್ಚಲು ಮಂಡಗದ್ದೆಯ ಬೆಳ್ಳಕ್ಕಿಗಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಅವು ಗೂಡು ಕಟ್ಟುತ್ತವೆ. ಆಗ ಅವುಗಳ ಬೆನ್ನ ಮೇಲೆ ಎಳೆ ಎಳೆಯಾದ, ಗಾಳಿಗೆ ಬಿಚ್ಚಿಕೊಳ್ಳುವ ಗರಿಗಳಿರುತ್ತವೆ. ಹಕ್ಕಿ ಅಚ್ಚಬಿಳಿ, ಹಿಂದಿನ ಎಲೆ ತೊಯ್ದು ಕಪ್ಪು. ಗರಿಯ ಬಿಳುಪು ಸುಟ್ಟುಹೋಗದಿರಲೆಂದು ಎಕ್ಸ್‌ಪೋಷರ್ ತಗ್ಗಿಸುತ್ತೀರಿ. ಮನೆಗೆ ಬಂದು ನೆರಳನ್ನು ಎತ್ತುತ್ತೀರಿ. ಎತ್ತಿದ ಕೂಡಲೇ ಎಲೆಗಳ ನಡುವಿನಿಂದ ಕೆಂಪು, ನೀಲಿ ಚುಕ್ಕೆಗಳು ಏಳುತ್ತವೆ. ಎಲೆಗಳಲ್ಲಿರುವ ಚುಕ್ಕೆ ಹೋಗಬೇಕು, ಬೆನ್ನ ಮೇಲಿನ ಎಳೆ ಉಳಿಯಬೇಕು.

ಅಡೋಬಿ ತನ್ನ ಎಐ ಡಿನಾಯ್ಸನ್ನು 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಸೇರಿಸಿತು. ಚಂದಾ ಕಟ್ಟುತ್ತಿರುವವರಿಗೆ ಬೇರೆ ದುಡ್ಡಿಲ್ಲ. ಮೊದಲು ಪ್ರತಿ ಫೋಟೊಗೂ ಒಂದು ದಪ್ಪ ಡಿಎನ್‌ಜಿ (ರಾ ಬಗೆಯದೇ ಇನ್ನೊಂದು ಫೈಲು) ಹುಟ್ಟುತ್ತಿತ್ತು. 2025ರ ನಡುವಿನಿಂದ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಆ ಕಾಟವೂ ತಪ್ಪಿದೆ. ಇರುವುದು ಒಂದೇ ಸ್ಲೈಡರ್. ಬೆಳ್ಳಕ್ಕಿಗೆ ಅದನ್ನು 50ರಲ್ಲೇ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, 30ರ ಆಸುಪಾಸಿನಲ್ಲಿ ಚೆನ್ನಾಗಿ ಬರುತ್ತದೆ. ಮಿತಿಯೊಂದೇ: ರಾ ಫೈಲು ಬೇಕೇ ಬೇಕು. ಜೆಪೆಗ್‌ನಲ್ಲಿ ತೆಗೆದ ಹಳೆಯ ಫೋಟೊಗಳನ್ನು ಇದು ಮುಟ್ಟುವುದಿಲ್ಲ.

ಪ್ಯೂರ್‌ರಾ 2021ರಲ್ಲಿ ಬಂದದ್ದು. ಇದು ನಾಯ್ಸ್ ತೆಗೆಯುವುದರ ಜೊತೆಗೆ ಲೆನ್ಸ್‌ನ ದೋಷಗಳನ್ನೂ ತಿದ್ದುತ್ತದೆ. ಡಿಎಕ್ಸ್‌ಒದವರು ಕ್ಯಾಮೆರಾ ಮತ್ತು ಲೆನ್ಸ್‌ನ ಜೋಡಿಗಳನ್ನು ಪ್ರಯೋಗಾಲಯದಲ್ಲಿ ಅಳೆದು ಮಾಡಿದ ತಿದ್ದುಪಡಿಗಳವು. ಅಂಚಿನಲ್ಲಿ ಮೆತ್ತಗಾಗುವ ಕಿಟ್ ಲೆನ್ಸ್ ಅಥವಾ ಅಗ್ಗದ ಟೆಲಿ ಜೂಮ್ ಇರುವವರಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ದುಬಾರಿ ಪ್ರೈಮ್ ಲೆನ್ಸ್ ಇರುವವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಜೋಡಿ ಅವರ ಪಟ್ಟಿಯಲ್ಲಿದೆಯೇ ನೋಡಿ. ಇದರಿಂದ ಹೊರಬರುವ ಡಿಎನ್‌ಜಿ ಮೂಲ ರಾಗಿಂತ ಬಹಳ ದಪ್ಪ, ಆದರೆ ವೈಟ್ ಬ್ಯಾಲೆನ್ಸ್ ಇನ್ನೂ ನಿಮ್ಮ ಕೈಯಲ್ಲೇ ಇರುತ್ತದೆ.

ಪ್ಯೂರ್‌ರಾದ ಇನ್ನೊಂದು ಉಪಕಾರವನ್ನು ಯಾರೂ ಹೇಳುವುದಿಲ್ಲ. ನಮ್ಮ ಊರುಗಳ ಎಷ್ಟೋ ಸ್ಟುಡಿಯೊಗಳು ಇನ್ನೂ 2012ರ ಫೋಟೊಶಾಪ್ ಸಿಎಸ್6, 2015ರ ಲೈಟ್‌ರೂಮ್ 6 ಹಿಡಿದುಕೊಂಡು ಕೂತಿವೆ. ಚಂದಾ ಇಲ್ಲದೆ ಮಾರಿದ ಕೊನೆಯ ಆವೃತ್ತಿಗಳು ಅವೇ. ಕ್ಯಾಮೆರಾ ಹೊಸದು ಬಂದಾಗ ಅದರ ರಾ ಫೈಲು ಅವುಗಳಲ್ಲಿ ತೆರೆಯುವುದೇ ಇಲ್ಲ. ಪ್ಯೂರ್‌ರಾ ಪ್ರತ್ಯೇಕವಾಗಿಯೇ ಓಡುತ್ತದೆ, ಅದು ಕೊಡುವ ಡಿಎನ್‌ಜಿಯನ್ನು ಹಳೆಯ ಲೈಟ್‌ರೂಮ್ ಓದಿಕೊಳ್ಳುತ್ತದೆ. ಬರೀ ತೆರೆಯುವುದಷ್ಟೇ ಸಾಕೆಂದರೆ ಅಡೋಬಿಯದೇ ಉಚಿತ ಡಿಎನ್‌ಜಿ ಕನ್ವರ್ಟರ್ ಇದೆ, ಅದರಲ್ಲಿ ನಾಯ್ಸ್ ಮಾತ್ರ ಹೋಗುವುದಿಲ್ಲ.

ಟೋಪಾಜ್‌ನ ದಾರಿ ಬೇರೆ. ಇದು ಜೆಪೆಗ್ ಮೇಲೂ ಕೆಲಸ ಮಾಡುತ್ತದೆ. ಅಲುಗಿದ, ಫೋಕಸ್ ಸ್ವಲ್ಪ ತಪ್ಪಿದ ಫೋಟೊವನ್ನೂ ಒಂದು ಮಟ್ಟಿಗೆ ಎತ್ತಿ ನಿಲ್ಲಿಸುತ್ತದೆ. ತಾಳಿ ಕಟ್ಟುವ ಕ್ಷಣದ ಫೋಟೊ ಅಲುಗಿಹೋಗಿದ್ದರೆ ಇನ್ನೊಮ್ಮೆ ತೆಗೆಯಲಾಗುವುದಿಲ್ಲವಲ್ಲ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಇದಕ್ಕೆ ಕಲ್ಪನಾಶಕ್ತಿ ಹೆಚ್ಚು. ಬೆಳ್ಳಕ್ಕಿಯ ಬೆನ್ನಿನಲ್ಲಿ ಎಳೆ ಕಾಣದ ಕಡೆ ತಾನೇ ಎಳೆ ಬಿಡಿಸಿಬಿಡುತ್ತದೆ. ದೂರದಲ್ಲಿ ಕೂತ ನೆಂಟರ ಸಣ್ಣ ಮುಖಗಳಲ್ಲಿ ಕಣ್ಣು, ಹಲ್ಲು ಹೇಗೋ ಹೇಗೋ ಆಗಿರುತ್ತವೆ. ಇಡೀ ಆಲ್ಬಮ್ಮನ್ನು ಇದರೊಳಗೆ ತೂರಿಸಿ ತಿರುಗಿ ನೋಡದೆ ಲ್ಯಾಬ್‌ಗೆ ಕಳಿಸುವವರು ಮುಂದಿನ ವಾರ ಅಜ್ಜಿಯ ಕಡೆಯವರಿಂದ ಮಾತು ಕೇಳಬೇಕಾಗುತ್ತದೆ. ಮೊದಲು ಒಮ್ಮೆ ಕೊಂಡರೆ ನಮ್ಮದಾಗುತ್ತಿತ್ತು. 2025ರಲ್ಲಿ ಕಂಪನಿ ಚಂದಾ ಪದ್ಧತಿಗೆ ಹೊರಳಿದ ಮೇಲೆ ವರ್ಷಕ್ಕೆ ನಾಲ್ಕು ಫೋಟೊ ಉಳಿಸಿಕೊಳ್ಳಲು ಇದನ್ನು ಇಟ್ಟುಕೊಳ್ಳುವುದು ದುಬಾರಿ.

ಸ್ಪರ್ಧೆಗಳಿಗೆ ಕಳಿಸುವವರಿಗೆ ಒಂದು ಎಚ್ಚರಿಕೆ. ಅಂತರರಾಷ್ಟ್ರೀಯ ಫೋಟೊಗ್ರಫಿ ಸಂಸ್ಥೆಗಳಾದ ಫಿಯಾಪ್ ಮತ್ತು ಪಿಎಸ್‌ಎ ಒಪ್ಪಿರುವ ನಿಸರ್ಗ ವಿಭಾಗದ ನಿಯಮದಲ್ಲಿ ಡಿಜಿಟಲ್ ನಾಯ್ಸ್ ಮತ್ತು ಧೂಳಿನ ಚುಕ್ಕೆ ತೆಗೆಯಲು ಅವಕಾಶವಿದೆ. ಚಿತ್ರದಲ್ಲಿ ಇರುವುದನ್ನು ಅಳಿಸುವುದು, ಸರಿಸುವುದು, ಇಲ್ಲದ್ದನ್ನು ಸೇರಿಸುವುದು ನಿಷಿದ್ಧ. ಬೇಡದ್ದನ್ನು ಕ್ರಾಪ್ ಮಾಡಿ ಹೊರಗಿಡಬಹುದು. ಟೋಪಾಜ್ ಬಿಡಿಸಿದ ಗರಿ ಸೇರಿಸಿದ್ದೋ ಅಲ್ಲವೋ ಎಂದು ವಾದಿಸುತ್ತ ಕೂರುವುದಕ್ಕಿಂತ, ಸ್ಪರ್ಧೆಯ ಫೋಟೊಗೆ ಅಡೋಬಿ ಅಥವಾ ಪ್ಯೂರ್‌ರಾ ಬಳಸಿ, ಮೂಲ ರಾ ಫೈಲನ್ನು ಜೋಪಾನವಾಗಿಡಿ. ದೊಡ್ಡ ಸ್ಪರ್ಧೆಗಳು ಕೊನೆಯ ಸುತ್ತಿನಲ್ಲಿ ಅದನ್ನು ಕೇಳುತ್ತವೆ.

ಬಣ್ಣ, ಕಪ್ಪು-ಬಿಳುಪು ಮತ್ತು ನಿಕ್

ಬಣ್ಣ, ಕಪ್ಪು-ಬಿಳುಪು ತಿದ್ದುವ ಪ್ಲಗಿನ್‌ಗಳ ಕಟ್ಟಾದ ನಿಕ್ ಕಲೆಕ್ಷನ್‌ನ ಕಥೆ ವಿಚಿತ್ರ. 2012ರಲ್ಲಿ ಗೂಗಲ್ ಇದನ್ನು ಮಾಡಿದ ನಿಕ್ ಕಂಪನಿಯನ್ನು ಕೊಂಡಿತು, 2016ರಲ್ಲಿ ಪ್ಲಗಿನ್‌ಗಳನ್ನೆಲ್ಲ ಉಚಿತ ಮಾಡಿತು, 2017ರಲ್ಲಿ ಡಿಎಕ್ಸ್‌ಒಗೆ ಮಾರಿತು. ಉಚಿತ ಕಾಲದ ಆ ಇನ್‌ಸ್ಟಾಲರ್ ಈಗಲೂ ಪೆನ್ ಡ್ರೈವ್‌ನಿಂದ ಪೆನ್ ಡ್ರೈವ್‌ಗೆ ಓಡಾಡುತ್ತಿದೆ. ಅದು ಈಗಿನ ಫೋಟೊಶಾಪ್‌ಗೆಂದು ಮಾಡಿದ್ದಲ್ಲ. ಗಿರಾಕಿ ಎದುರಿಗೆ ಕೂತಿದ್ದಾಗಲೇ ಮುಚ್ಚಿಕೊಂಡರೆ ಯಾರನ್ನೂ ದೂರುವಂತಿಲ್ಲ. ಈಗಿನದ್ದಕ್ಕೆ ದುಡ್ಡು ಕೊಡಬೇಕು, ಒಮ್ಮೆ ಕೊಂಡರೆ ನಿಮ್ಮದೇ.

ಇದರಲ್ಲಿ ಹಲವು ಸಲಕರಣೆಗಳಿವೆ, ನನ್ನ ಲೆಕ್ಕದಲ್ಲಿ ದುಡ್ಡಿಗೆ ತೂಗುವುದು ಕಲರ್ ಎಫೆಕ್ಸ್, ಸಿಲ್ವರ್ ಎಫೆಕ್ಸ್ ಎರಡೇ. ಕಲರ್ ಎಫೆಕ್ಸ್‌ನಲ್ಲಿರುವ ಪ್ರೊ ಕಾಂಟ್ರಾಸ್ಟ್, ತೋಟದೊಳಗಿನ ಹಸಿರು ಛಾಯೆಯನ್ನು ಒಂದೇ ಸ್ಲೈಡರ್‌ನಲ್ಲಿ ಇಳಿಸುತ್ತದೆ. ಫೋಲಿಯೇಜ್ ಎಂಬ ಫಿಲ್ಟರ್ ಎಲೆಗಳ ಹಸಿರನ್ನಷ್ಟೇ ಹಿಡಿದು ಬದಲಿಸುತ್ತದೆ. ಅದನ್ನು ಹೆಚ್ಚಿಸಲು ಬಳಸುವವರೇ ಬಹಳ, ಮಲೆನಾಡಿನಲ್ಲಿ ಅದರ ನಿಜವಾದ ಉಪಯೋಗ ತಗ್ಗಿಸುವುದರಲ್ಲಿದೆ. ಆದರೆ ಮದುಮಗಳ ಮುಖದ ಹಸಿರನ್ನು ತೆಗೆಯಲು ಇದಾವುದೂ ಬೇಡ. ಲೈಟ್‌ರೂಮ್‌ನಲ್ಲಿ ಜನರನ್ನು ತಾನೇ ಗುರುತಿಸುವ ಮಾಸ್ಕ್ ಇದೆ. ಮುಖದ ಚರ್ಮವನ್ನಷ್ಟೇ ಆರಿಸಿ ಟಿಂಟ್ ಅನ್ನು ತುಸು ಮಜೆಂಟಾ ಕಡೆಗೆ ತಳ್ಳಿದರೆ ಮುಗಿಯಿತು.

ಸಿಲ್ವರ್ ಎಫೆಕ್ಸ್ ವಿಷಯದಲ್ಲಿ ನಾನು ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ. ಕಪ್ಪು-ಬಿಳುಪಿಗೆ ಇದರಷ್ಟು ಹಿತವಾದ ಸಲಕರಣೆಯನ್ನು ನಾನು ಬಳಸಿಲ್ಲ. ಬಯಲಾಟದ ಫೋಟೊ ತೆಗೆಯುವವರು ಇದನ್ನು ಗಮನಿಸಬೇಕು. ಈಗ ರಂಗಸ್ಥಳಕ್ಕೆ ಕೆಂಪು, ನೀಲಿ ಎಲ್‌ಇಡಿ ದೀಪಗಳು ಬಂದಿವೆ. ರಾಕ್ಷಸ ವೇಷ ಕುಣಿಯುತ್ತ ಕೆಂಪು ದೀಪದಡಿ ಬಂದ ಕ್ಷಣ ಕ್ಯಾಮೆರಾದ ಕೆಂಪು ಚಾನೆಲ್ ತುಂಬಿ ಹರಿದುಬಿಡುತ್ತದೆ. ಕಿರೀಟದ ಅಂಚು, ಮುಖದ ಬಣ್ಣಗಾರಿಕೆಯ ಗೆರೆ, ಎಲ್ಲ ಒಂದೇ ಕೆಂಪು ಮುದ್ದೆ. ಯಾವ ಎಐ ಬಂದರೂ ಆ ಬಣ್ಣ ವಾಪಸ್ ಬರುವುದಿಲ್ಲ. ಆದರೆ ಹಸಿರು ಚಾನೆಲ್‌ನಲ್ಲಿ ಗೆರೆಗಳು ಇನ್ನೂ ಉಳಿದಿರುತ್ತವೆ. ಸಿಲ್ವರ್ ಎಫೆಕ್ಸ್‌ನಲ್ಲಿ ಹಸಿರು ಫಿಲ್ಟರ್ ಒತ್ತಿದಾಗ ಹುಬ್ಬಿನ ಮೇಲಿನ ಬಿಳಿ ಚುಕ್ಕೆಗಳ ಸಾಲು ಒಂದೊಂದಾಗಿ ತೆರೆದುಕೊಳ್ಳುವುದನ್ನು ನೋಡಬೇಕು. ಇದೇ ಕೆಲಸವನ್ನು ಲೈಟ್‌ರೂಮ್‌ನ ಕಪ್ಪು-ಬಿಳುಪು ಮಿಕ್ಸರ್‌ನಲ್ಲೂ ಒಂದಷ್ಟು ಮಾಡಬಹುದು, ಸಹನೆ ಬೇಕು.

ನಿಕ್ ಟಿಫ್ ಮೇಲೆ ಕೆಲಸ ಮಾಡುವ ಬಗೆಯದ್ದು. ಫೋಟೊಶಾಪ್‌ನಲ್ಲಿ ಮೊದಲು ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ಆಮೇಲೂ ತೆರೆದು ತಿದ್ದಬಹುದು.

ಮುಖ ಮತ್ತು ಆಲ್ಬಮ್

ಸ್ಟುಡಿಯೊಗಳ ಅಚ್ಚುಮೆಚ್ಚಿನ ಪೋರ್ಟ್ರೇಚರ್ ಪ್ಲಗಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಮವನ್ನು ತಾನೇ ಹುಡುಕಿ ನಯ ಮಾಡುತ್ತದೆ, ವೇಗವಾಗಿ ಮಾಡುತ್ತದೆ, ತಡೆಯದಿದ್ದರೆ ಎಲ್ಲರನ್ನೂ ಮೇಣದ ಗೊಂಬೆ ಮಾಡುತ್ತದೆ. 2022ರ ಕೊನೆಯಿಂದ ಲೈಟ್‌ರೂಮ್‌ನಲ್ಲೇ ಚರ್ಮದ ಮಾಸ್ಕ್ ಇರುವುದರಿಂದ, ಅದರಲ್ಲಿ ಟೆಕ್ಸ್‌ಚರ್ ಇಳಿಸಿದರೆ ಟಿಫ್ ಇಲ್ಲದೆ ಅದೇ ಕೆಲಸ ಆಗುತ್ತದೆ. ಹಳೆಯ ಫೋಟೊಶಾಪ್‌ನಲ್ಲೇ ಇರುವವರಿಗೆ ಮಾತ್ರ ಇದು ಇನ್ನೂ ಉಪಯುಕ್ತ.

ಚಿತ್ರ ಹಿಗ್ಗಿಸುವ ಪ್ಲಗಿನ್‌ಗಳೂ ಹೆಚ್ಚಿನವರಿಗೆ ಬೇಡ. 12×36 ಇಂಚಿನ ಆಲ್ಬಮ್ ಹಾಳೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 10,800×3,600 ಪಿಕ್ಸೆಲ್ ಆಗುತ್ತದೆ. ಹಾಳೆಯ ಮೂರನೇ ಒಂದು ಭಾಗ ತುಂಬುವ ಫೋಟೊಗೆ ಬೇಕಾದದ್ದು 13 ಮೆಗಾಪಿಕ್ಸೆಲ್ ಅಷ್ಟೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದು ಧಾರಾಳವಾಗಿದೆ. ವಿಪರೀತ ಕ್ರಾಪ್ ಮಾಡುವವರು ಹಿಗ್ಗಿಸುವ ಬದಲು ಇನ್ನೆರಡು ಹೆಜ್ಜೆ ಹತ್ತಿರ ಹೋಗಬಹುದು.

ಆಲ್ಬಮ್ ಮಾತು ಬಂದಿದ್ದರಿಂದ ಒಂದು ಉಪಕಥೆ. ಫೋಟೊಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಬರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ, ಮೊದಲ ಪುಟದ 'ಶ್ರೀ'ಯೇ ಒಡೆದು ಬರುತ್ತದೆ ಎಂದು ಇಂದಿಗೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲೇ ಹೆಣಗುವವರಿದ್ದಾರೆ. ಈಗಿನ ಫೋಟೊಶಾಪ್‌ನಲ್ಲಿ ಅಕ್ಷರಗಳ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿದರೆ ಕನ್ನಡ ಸರಿಯಾಗಿ ಕೂರುತ್ತದೆ. ಇದಕ್ಕೆ ಯಾವ ಪ್ಲಗಿನ್ನೂ ಬೇಡ, ಆದರೂ ದುಡ್ಡು ಕೊಟ್ಟು ಪ್ಲಗಿನ್ ಹುಡುಕಿದವರನ್ನು ನಾನು ಬಲ್ಲೆ.

ಲುಮಿನಾರ್ ನಿಯೊ, ಆನ್‌ಒನ್‌ನಂತಹ ಎಲ್ಲವೂ ಒಂದರಲ್ಲೇ ಇರುವ ತಂತ್ರಾಂಶಗಳು ಪ್ಲಗಿನ್ ಆಗಿಯೂ ಓಡುತ್ತವೆ. ಲುಮಿನಾರ್‌ನ ಹೆಸರುವಾಸಿ ಕೆಲಸ ಆಕಾಶ ಬದಲಿಸುವುದು. ಜೋಗದ ಮೇಲೆ ಬೇರೆ ಊರಿನ ಮೋಡ ಅಂಟಿಸುವ ಆಸೆ ಇಲ್ಲದವರಿಗೆ ಅದರಿಂದ ಆಗಬೇಕಾದ್ದು ಕಡಿಮೆ. ಲೈಟ್‌ರೂಮ್ ಇಲ್ಲದವರು, ಚಂದಾ ಬೇಡವೆನ್ನುವವರು ಆನ್‌ಒನ್ ಕಡೆ ಒಮ್ಮೆ ನೋಡಬಹುದು.

ದುಡ್ಡು ಹಾಕದೆ

ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಈ ಮೂರೂ ಉಚಿತ, ಮುಕ್ತ. ರಾ ಫೈಲನ್ನು ಗಿಂಪ್‌ನಲ್ಲಿ ತೆರೆದರೆ ಅದು ತಾನೇ ಡಾರ್ಕ್‌ಟೇಬಲ್ ಅಥವಾ ರಾಥೆರಪಿಯನ್ನು ಕರೆಯುತ್ತದೆ. ಗಿಂಪ್‌ಗೆ ಫ್ರಾನ್ಸಿನಲ್ಲಿ ಹುಟ್ಟಿದ ಜಿಮಿಕ್ (G'MIC) ಪ್ಲಗಿನ್ ಸೇರಿಸಿದರೆ ನೂರಾರು ಫಿಲ್ಟರ್‌ಗಳು ಸಿಗುತ್ತವೆ, ಹಳೆಯ ಫಿಲ್ಮ್‌ಗಳ ಬಣ್ಣವೂ ಸೇರಿದಂತೆ. ಡಾರ್ಕ್‌ಟೇಬಲ್‌ನ ನಾಯ್ಸ್ ಮಾಡ್ಯೂಲ್‌ನಲ್ಲಿ ಒಂದೊಂದು ಕ್ಯಾಮೆರಾಕ್ಕೂ, ಒಂದೊಂದು ಐಎಸ್‌ಒಗೂ ಅಳೆದಿಟ್ಟ ಲೆಕ್ಕಗಳಿವೆ. ಐಎಸ್‌ಒ 1600, 3200ರವರೆಗೆ ಅದರ ಫಲಿತಾಂಶಕ್ಕೆ ನಾಚಬೇಕಿಲ್ಲ. 6400 ದಾಟಿದ ಮೇಲೆ ಎಐ ಸಲಕರಣೆಗಳ ಸಮಕ್ಕೆ ನಿಲ್ಲುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹೆಚ್ಚು ಕಾಯಿಸುವುದೂ ಇಲ್ಲ. ಕೊಡಬೇಕಾದದ್ದು ಸಮಯ: ಡಾರ್ಕ್‌ಟೇಬಲ್ ಕಲಿಯಲು ತಿಂಗಳುಗಳು ಬೇಕು, ಅದರ ಮಾಡ್ಯೂಲ್‌ಗಳ ಪಟ್ಟಿ ನೋಡಿದರೇ ಹಲವರು ಓಡಿಹೋಗುತ್ತಾರೆ. ಕ್ಯಾನ್ವಾ ಕೊಂಡುಕೊಂಡ ಅಫಿನಿಟಿಯೂ 2025ರ ಅಕ್ಟೋಬರ್‌ನಿಂದ ಉಚಿತವಾಗಿದೆ. ಕ್ಯಾನ್ವಾ ಖಾತೆಯೊಂದಿದ್ದರೆ ಸಾಕು, ಕಲಿಯುವುದೂ ಸುಲಭ.

ಕ್ರ್ಯಾಕ್ ಮಾಡಿದ ಪ್ಲಗಿನ್‌ಗಳನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಇಷ್ಟೆಲ್ಲ ಉಚಿತವಾಗಿ ಸಿಗುವಾಗ, ಹತ್ತು ಮದುವೆಗಳ ಫೋಟೊ ಇರುವ ಕಂಪ್ಯೂಟರಿಗೆ ಯಾರೋ ಕೊಟ್ಟ ಪೆನ್ ಡ್ರೈವ್ ಚುಚ್ಚುವುದು ತಿಳಿಗೇಡಿತನ.

ಯಾವುದು ಮೊದಲು, ಯಾವುದು ಆಮೇಲೆ

ಪ್ಲಗಿನ್ ಯಾವುದೇ ಇರಲಿ, ಸಾಲು ತಪ್ಪಿದರೆ ಕೆಡುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡ್‌ನಿಂದ ಎರಡು ಡಿಸ್ಕ್‌ಗಳಿಗೆ ನಕಲು ಮಾಡಿ, ಆಮೇಲೆ ಆರಿಸಿ. ಆರಿಸುವ ಮೊದಲೇ ನಾಯ್ಸ್ ತೆಗೆಯಲು ಕೂರುವುದು ಕರೆಂಟಿಗೂ ದಂಡ, ಡಿಸ್ಕಿಗೂ ದಂಡ. ಆರಿಸಿದವುಗಳಲ್ಲಿ ನಿಜವಾಗಿ ಕಾಳು ಕಾಣುವವುಗಳಿಗಷ್ಟೇ ಡಿನಾಯ್ಸ್ ಮಾಡಿ, ಅದೂ ಮಾಸ್ಕ್ ಹಾಕುವ, ಕಲೆ ಅಳಿಸುವ ಮುಂಚೆ. ಬಣ್ಣ, ಬೆಳಕು, ಕ್ರಾಪ್ ಎಲ್ಲ ರಾ ಹಂತದಲ್ಲೇ ಮುಗಿಯಲಿ. ನಿಕ್‌ನಂತಹವುಗಳಿಗೆ ಟಿಫ್ ಕಳಿಸುವುದು ಕಟ್ಟಕಡೆಗೆ, ಇಡೀ ಮದುವೆಯಲ್ಲಿ ಹತ್ತೋ ಹದಿನೈದೋ ಫೋಟೊಗೆ ಮಾತ್ರ. ಶಾರ್ಪನ್ ಮಾಡುವುದು ಅಳತೆಗೆ ಇಳಿಸಿದ ಮೇಲೆ. ಲೈಟ್‌ರೂಮ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮ್ಯಾಟ್, ಗ್ಲಾಸಿ ಎಂದು ಇರುವ ಆಯ್ಕೆ ಇದಕ್ಕೆ ಸಾಕು. ಲ್ಯಾಬ್ ಬೇರೆ ಏನೂ ಹೇಳದಿದ್ದರೆ ಎಸ್‌ಆರ್‌ಜಿಬಿ ಎಂಬ ಕಲರ್ ಸ್ಪೇಸ್‌ನಲ್ಲಿ (ಬಣ್ಣಗಳ ವ್ಯಾಪ್ತಿ) ಜೆಪೆಗ್ ಕಳಿಸಿ. ಬೇರೆ ಕಲರ್ ಸ್ಪೇಸ್‌ನಲ್ಲಿ ಕಳಿಸಿದರೆ ಕುಂಕುಮವೂ ಮಂಕಾಗಿ ಬರಬಹುದು.

ಯಾರಿಗೆ ಯಾವುದು

ಲೈಟ್‌ರೂಮ್ ಚಂದಾ ಈಗಾಗಲೇ ಇದ್ದು ಮದುವೆ, ಮುಂಜಿಗಳ ಕೆಲಸ ಮಾಡುವ ಸ್ಟುಡಿಯೊದವರು ಪ್ಲಗಿನ್‌ಗೆಂದು ಎತ್ತಿಟ್ಟ ದುಡ್ಡನ್ನು 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. ಡಿನಾಯ್ಸ್, ಮಾಸ್ಕ್ ಎರಡೂ ವೇಗವಾಗುತ್ತವೆ. ಸಿಎಸ್6ನಲ್ಲೇ ಇದ್ದು ಹೊಸ ಕ್ಯಾಮೆರಾ ಕೊಂಡವರಿಗೆ ಪ್ಯೂರ್‌ರಾ. ಆದರೂ ಚಂದಾದ ಒಂದು ವರ್ಷದ ಮೊತ್ತವನ್ನೂ ಪಕ್ಕದಲ್ಲಿ ಬರೆದು ಹೋಲಿಸಿ.

ಹಕ್ಕಿಗಳ ಹಿಂದೆ ಹೋಗುವವರಲ್ಲಿ ಸಾಧಾರಣ ಜೂಮ್ ಇರುವವರು ಪ್ಯೂರ್‌ರಾ ತೆಗೆದುಕೊಂಡರೆ ದುಡ್ಡು ದಂಡವಾಗುವುದಿಲ್ಲ. ಭದ್ರಾ ಹಿನ್ನೀರಿನ ರೀವ (ರಿವರ್ ಟರ್ನ್) ಹಕ್ಕಿಗಳನ್ನು ದೋಣಿಯಿಂದ ತೆಗೆಯುವಾಗ ಅಲುಗಿದ ಫೋಟೊಗಳೇ ನಿಮ್ಮ ಮುಖ್ಯ ಸಂಕಟವೆಂದಾದರೆ ಟೋಪಾಜ್‌ಗೂ ಮುಂಚೆ ಶಟರ್ ವೇಗ ಏರಿಸಿ ನೋಡಿ, ನಾಯ್ಸ್ ಹೆಚ್ಚಾದರೆ ಅದನ್ನು ತೆಗೆಯುವುದು ಈಗ ಸುಲಭ. ಬಯಲಾಟ, ಕೆಳದಿ-ಇಕ್ಕೇರಿಯ ಕಲ್ಲಿನ ಕೆತ್ತನೆ, ಹಳೆಯ ತೊಟ್ಟಿಮನೆಗಳನ್ನು ದಾಖಲಿಸುವವರಿಗೆ ನಿಕ್. ಎಐ ಡಿನಾಯ್ಸ್‌ನಷ್ಟು ಭಾರಿ ಯಂತ್ರವನ್ನು ಅದು ಬೇಡುವುದಿಲ್ಲ.

ಕಾಲೇಜು ಓದುತ್ತಿರುವವರು, ಕೈ ದಾಟಿ ಬಂದ ಲ್ಯಾಪ್‌ಟಾಪ್ ಇರುವವರು ಡಾರ್ಕ್‌ಟೇಬಲ್ ಕಲಿಯಿರಿ. ಆ ವಯಸ್ಸಿನಲ್ಲಿ ಸಮಯಕ್ಕೆ ಬರವಿಲ್ಲ. ಹೋಮ್‌ಸ್ಟೇಯವರಿಗೆ ಮೊಬೈಲಿನ ಸ್ನ್ಯಾಪ್‌ಸೀಡ್ ಸಾಕು. ಅದನ್ನು ಮಾಡಿದ್ದೂ ಅದೇ ನಿಕ್ ಕಂಪನಿ, ಈಗಲೂ ಉಚಿತ. ಅದರ ಸೆಲೆಕ್ಟಿವ್ ಸಲಕರಣೆಯಲ್ಲಿ ಜಗಲಿಯ ನೆರಳಿನ ಮೇಲೆ ಬೆರಳಿಟ್ಟು ಬೆಳಕು ಏರಿಸಿ, ಅಂಗಳವನ್ನು ಹಾಗೆಯೇ ಬಿಡಿ. ಹಸಿರನ್ನು ಎಳೆಯಬೇಡಿ; ಬಂದ ಅತಿಥಿಗಳು ಫೋಟೊದಲ್ಲಿದ್ದ ಹಸಿರು ಎಲ್ಲಿ ಎಂದು ಕೇಳುತ್ತಾರೆ.

ಈ ದುಡ್ಡಿನ ತಂತ್ರಾಂಶಗಳು ಕೆಲವು ದಿನ ಉಚಿತವಾಗಿ ಪರೀಕ್ಷಿಸಲು ಸಿಗುತ್ತವೆಯೇ ಎಂದು ಮೊದಲು ನೋಡಿ. ಅವರ ಮಾದರಿ ಫೋಟೊ ಬಿಟ್ಟು ನಿಮ್ಮದೇ ಕೆಟ್ಟ ಫೋಟೊ ಮೂರು ಹಾಕಿ: ಕತ್ತಲೆಯದ್ದೊಂದು, ತೋಟದ್ದೊಂದು, ಮುಖವಿರುವುದೊಂದು. ಪರದೆಯ ಮೇಲೆ ಶೇಕಡಾ 200ಕ್ಕೆ ಹಿಗ್ಗಿಸಿ ನೋಡುವ ಬದಲು 12×18ರ ಒಂದು ಪ್ರಿಂಟ್ ತೆಗೆಸಿ, ಪ್ಲಗಿನ್ ಹಾಕದ ಪ್ರಿಂಟ್‌ನ ಪಕ್ಕ ಇಟ್ಟು ಮನೆಯವರಿಗೆ ತೋರಿಸಿ. ಅವರಿಗೆ ವ್ಯತ್ಯಾಸ ಕಾಣದಿದ್ದರೆ ಗಿರಾಕಿಗೂ ಕಾಣುವುದಿಲ್ಲ. ಬೆಲೆಗಳು ಸಾಮಾನ್ಯವಾಗಿ ಡಾಲರ್ ಅಥವಾ ಯೂರೋದಲ್ಲಿರುತ್ತವೆ. ಬ್ಯಾಂಕಿನ ವಿನಿಮಯ ಶುಲ್ಕ, ತೆರಿಗೆ ಸೇರಿಸಿಕೊಂಡೇ ಹೋಲಿಸಿ, ಕಾರ್ಡ್‌ನಲ್ಲಿ ವಿದೇಶಿ ಪಾವತಿ ಚಾಲೂ ಇದೆಯೇ ನೋಡಿಕೊಳ್ಳಿ. ಚಂದಾ ತೆಗೆದುಕೊಂಡರೆ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಅದೇ ದಿನ ತೆಗೆದುಹಾಕಿ. ಇಲ್ಲದಿದ್ದರೆ ಆಷಾಢದಲ್ಲಿ ಒಂದು ಮದುವೆಯೂ ಇಲ್ಲದೆ ಕ್ಯಾಮೆರಾ ಬೀರು ಸೇರಿದ ಮೇಲೂ ಖಾತೆಯಿಂದ ದುಡ್ಡು ಹೋಗುತ್ತಲೇ ಇರುತ್ತದೆ.